ಕಿನ್ನಿ ಯಾರದ್ದು?

ಗುಣವತಿಯಕ್ಕನನ್ನು ಮನೆಯಲ್ಲಿ ಎಲ್ಲರೂ ಕಿನ್ನಿ ಎಂದೇ ಕರೆಯುತ್ತಿದ್ದರು. ತುಳುವಿನಲ್ಲಿ ಹಾಗೆಂದರೆ ಪುಟ್ಟದು, ಸಣ್ಣದು. ಒಡಹುಟ್ಟಿದವರಲ್ಲಿ ಕೊನೆಯವರಾದ್ದರಿಂದ ಅಂಟಿಕೊಂಡ ಹೆಸರು. ಅವರಿಗೆ ಅರವತ್ತು ದಾಟಿದ ಮೇಲೂ ಹಿರಿಯಣ್ಣ ಅಣ್ಣು ಶೆಟ್ರು ಬೇರೆ ಹೆಸರಿನಿಂದ ಕರೆದದ್ದಿಲ್ಲ. ಶೆಟ್ರು ಮುಂಬಯಿಯ ಹೋಟೆಲನ್ನು ಮಾರಿ ಊರಿಗೆ ಬಂದು, ಕೊಟ್ಟಾರದಲ್ಲಿ ಒಂದು ಫರ್ನಿಚರ್ ಅಂಗಡಿಯ ಮಾಳಿಗೆಯಲ್ಲಿ ಕಂಪ್ಯೂಟರ್ ಕಂಪೆನಿ ತೆರೆದರು. ಮೆಡಿಕಲ್ ಅಂಗಡಿಗಳ ಬಿಲ್ಲಿಂಗಿಗೆಂದು ಅಲ್ಲಿ ತಯಾರಾದ ಸಾಫ್ಟ್‌ವೇರಿಗೂ ತಂಗಿಯ ಹೆಸರನ್ನೇ ಇಟ್ಟರು.

ನನ್ನದು ಬಿಕರ್ನಕಟ್ಟೆಯಲ್ಲಿ ಮೆಡಿಕಲ್ ಅಂಗಡಿ. ಕಿನ್ನಿ ಬರುವ ಮೊದಲು ಯಾವ ಮಾತ್ರೆಯ ಅವಧಿ ಯಾವಾಗ ಮುಗಿಯುತ್ತದೆಂದು ಡಬ್ಬಿ ತಿರುವಿ ತಿರುವಿ ನೋಡಬೇಕಿತ್ತು. ಅದು ಬಂದ ಮೇಲೆ ಪರದೆಯೇ ಹೇಳತೊಡಗಿತು. ಕೆಟ್ಟರೆ ಒಂದು ಫೋನ್ ಮಾಡಿದರಾಯಿತು, ಆ ಕಡೆಯಿಂದ ಗುಣವತಿಯಕ್ಕ ಎತ್ತುತ್ತಿದ್ದರು.

“ಅಕ್ಕಾ, ಬಿಲ್ ಬರುವುದಿಲ್ಲ.”

“ಪ್ರಿಂಟರಿನ ವಯರ್ ಸಮ ಉಂಟಾ ನೋಡಿ ಜಯಣ್ಣ. ನಿಮ್ಮ ಬೆಕ್ಕು ಅದರ ಹಿಂದೆಯೇ ಮಲಗ್ತದೆ ಅಂತ ಹೇಳಿದ್ರಲ್ಲ ಮೊನ್ನೆ.”

ಗುಣವತಿಯಕ್ಕನ ಗಂಡ ಬ್ಯಾಂಕಿನಲ್ಲಿದ್ದರು, ಬೇಗ ತೀರಿಕೊಂಡರು. ಅಣ್ಣನೇ ಅವರನ್ನು ಆಫೀಸಿಗೆ ಕರೆದು ಫೋನಿನ ಮುಂದೆ ಕೂರಿಸಿದ್ದು. ಕಾಸರಗೋಡಿನಿಂದ ಕುಂದಾಪುರದವರೆಗಿನ ಮೆಡಿಕಲ್ ಅಂಗಡಿಯವರಿಗೆ ಅವರ ಧ್ವನಿ ಗೊತ್ತಿತ್ತು. ಅವರ ಮಗ ಶೋಭಿತ್ ಇಂಜಿನಿಯರಿಂಗ್ ಮುಗಿಸಿ ಸೋದರಮಾವನ ಕಂಪೆನಿಯಲ್ಲೇ ಪ್ರೋಗ್ರಾಂ ಬರೆಯಲು ಕೂತ. ಶೆಟ್ರ ಮಗ ಶ್ರವಣ್ ಅದನ್ನು ಊರೂರಿಗೆ ಹೊತ್ತು ಮಾರಿದ. ಇಬ್ಬರೂ ಒಂದೇ ಬೈಕಿನಲ್ಲಿ ನನ್ನ ಅಂಗಡಿಗೆ ಬರುತ್ತಿದ್ದ ಕಾಲವೊಂದಿತ್ತು.

ಶೆಟ್ರು ಖುಷಿಯಲ್ಲಿದ್ದಾಗ ಹೇಳುವುದಿತ್ತು, “ನಮ್ಮದು ಅಳಿಯಕಟ್ಟಿನ ಮನೆ ಮಾರಾಯ್ರೆ. ನನ್ನ ನಂತರ ಆ ಕುರ್ಚಿಯಲ್ಲಿ ತಂಗಿಯ ಮಗನೇ ಕೂತ್ಕೊಳ್ಳುವುದು.” ಹಿಂದಿನ ಕಾಲದಲ್ಲಿ ಬಂಟರ ಮನೆಗಳಲ್ಲಿ ಯಜಮಾನಿಕೆ ಮಗನಿಗಲ್ಲ, ತಂಗಿಯ ಮಗನಿಗೆ ಹೋಗುತ್ತಿತ್ತು. ಈಗ ಕಾನೂನು ಬೇರೆ. ಬ್ಯಾಂಕಿನವರೆದುರು ಅದೇ ಶೆಟ್ರು ಶ್ರವಣನ ಹೆಗಲ ಮೇಲೆ ಕೈಯಿಟ್ಟು, “ಮುಂದೆ ಎಲ್ಲ ಇವನೇ” ಎನ್ನುತ್ತಿದ್ದರು. ಹುಡುಗರಿಬ್ಬರೂ ತಮಗೆ ಬೇಕಾದ ಮಾತನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡರು. ಕಾಗದದ ಮೇಲೆ ಏನನ್ನೂ ಬರೆಯದೆ ಒಂದು ಬೆಳಿಗ್ಗೆ ಸ್ನಾನದ ಕೋಣೆಯಲ್ಲಿ ಶೆಟ್ರು ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಜೀವ ಉಳಿಯಿತು, ಮಾತು ಹೋಯಿತು.

ಆಸ್ಪತ್ರೆಯಿಂದ ಮನೆಗೆ ತಂದ ವಾರದಲ್ಲೇ ಶ್ರವಣ್ ಮಂಚದ ಪಕ್ಕ ಕೂತು ಕೇಳಿದ, “ಪಪ್ಪಾ, ಕಂಪೆನಿ ನಾನೇ ನೋಡ್ಕೊಳ್ಬೇಕಲ್ವಾ?” ಶೆಟ್ರು ತಲೆಯಾಡಿಸಿದರು. ಮರುದಿನ ಶೋಭಿತ್ ಬಂದು, “ಮಾಮ, ನೀವು ಅಷ್ಟು ಸಲ ಹೇಳಿದ್ದು ನನ್ನ ಹೆಸರು ಅಲ್ವಾ?” ಎಂದ. ಅದಕ್ಕೂ ತಲೆಯಾಡಿಸಿದರು. ಇಬ್ಬರೂ ಹೊರಗೆ ಬಂದು ತಮಗೆ ಒಪ್ಪಿಗೆ ಸಿಕ್ಕಿದೆಯೆಂದು ಹೇಳಿಕೊಂಡರು. ಎಲ್ಲರೂ ಹೋದ ಮೇಲೆ ಗುಣವತಿಯಕ್ಕ ಅಣ್ಣನ ಬಾಯಿ ಒರೆಸಿ, “ಅಣ್ಣಾ, ಚಾ ಬೇಕಾ?” ಎಂದರು. ತಲೆ ಆಡಿತು. “ಬೇಡ್ವಾ?” ಎಂದರು. ಆಗಲೂ ಆಡಿತು.

ಅದನ್ನು ಹುಡುಗರಿಗೆ ಹೇಳಿದರು. ಇಬ್ಬರೂ ನಂಬಲಿಲ್ಲ.

ಶ್ರವಣ್ ನಿರ್ದೇಶಕನಾಗಿದ್ದ. ಶೋಭಿತ್ ಕಾಗದದ ಪ್ರಕಾರ ಸಂಬಳದ ನೌಕರ. ಮೂರು ತಿಂಗಳಲ್ಲಿ ಶೋಭಿತನನ್ನು ಕೆಲಸದಿಂದ ತೆಗೆದದ್ದಾಯಿತು. ಅವನು ಜೊತೆಗಿದ್ದ ಒಂದಿಬ್ಬರನ್ನು ಕರೆದುಕೊಂಡು ಕುಲಶೇಖರದಲ್ಲಿ ಬಾಡಿಗೆ ಕೋಣೆ ಹಿಡಿದು “ಕಿನ್ನಿ ಪ್ಲಸ್” ಎಂದು ಬೋರ್ಡು ಹಾಕಿದ. ಆಗ ಗೊತ್ತಾದದ್ದೇನೆಂದರೆ, ಇಷ್ಟು ವರ್ಷ ಶೆಟ್ರು ಆ ಹೆಸರನ್ನು ಟ್ರೇಡ್‌ಮಾರ್ಕಾಗಿ ನೋಂದಾಯಿಸಿಯೇ ಇರಲಿಲ್ಲ. ಮನೆಯ ಹೆಸರನ್ನು ಯಾರು ಕದ್ದುಕೊಂಡು ಹೋಗುತ್ತಾರೆ ಎಂದುಕೊಂಡಿದ್ದರೋ ಏನೋ. ಈಗ ಇಬ್ಬರೂ ಒಂದೇ ತಿಂಗಳಲ್ಲಿ ಅರ್ಜಿ ಹಾಕಿದರು, ಒಬ್ಬರ ಅರ್ಜಿಗೆ ಇನ್ನೊಬ್ಬರು ತಕರಾರು ಹೂಡಿದರು.

ಉಳಿದದ್ದು ಇಂಟರ್‌ನೆಟ್ಟಿನಲ್ಲಿ ಕಿನ್ನಿಯ ವಿಳಾಸ, ವೆಬ್‌ಸೈಟಿನ ಹೆಸರು. ಅದು ಗುಣವತಿಯಕ್ಕನ ಹೆಸರಿನಲ್ಲಿತ್ತು. ಕಂಪೆನಿ ಇನ್ನೂ ನೋಂದಣಿಯಾಗಿರದ ದಿನಗಳಲ್ಲಿ ಅದನ್ನು ಕೊಳ್ಳಲು ಕ್ರೆಡಿಟ್ ಕಾರ್ಡ್ ಬೇಕಾಗಿತ್ತು. ಆ ಮನೆಗಳಲ್ಲಿ ಕಾರ್ಡ್ ಇದ್ದದ್ದು ಬ್ಯಾಂಕಿನ ಗಂಡ ಮಾಡಿಸಿಕೊಟ್ಟಿದ್ದ ಇವರ ಹತ್ತಿರ ಮಾತ್ರ. ವರ್ಷಕ್ಕೊಮ್ಮೆ ಆಫೀಸಿನ ಇಮೇಲಿಗೆ ನೆನಪೋಲೆ ಬರುತ್ತಿತ್ತು, ಇವರು ನವೀಕರಿಸುತ್ತಿದ್ದರು. ಪ್ರತಿ ಅಂಗಡಿಯ ಕಂಪ್ಯೂಟರ್ ಬೆಳಿಗ್ಗೆ ತೆರೆದಾಗ ಆ ವಿಳಾಸವನ್ನು ಮುಟ್ಟಿ ಲೈಸೆನ್ಸ್ ಸರಿಯಿದೆಯೇ ಎಂದು ಕೇಳಿ ಬಂದೇ ಕೆಲಸ ಶುರು ಮಾಡುತ್ತಿತ್ತು. ಅದು ಕೈಯಲ್ಲಿದ್ದವನಿಗೆ ಅಂಗಡಿಗಳೆಲ್ಲ ಕೈಯಲ್ಲಿದ್ದ ಹಾಗೆ.

ಶ್ರವಣ್ ಅತ್ತೆಯ ಮೇಜಿನ ಬಳಿ ಬಂದು ನಿಂತ. “ಮಾಮಿ, ಅದನ್ನು ಕಂಪೆನಿಯ ಹೆಸರಿಗೆ ಮಾಡಿ ಕೊಡಿ. ಒಂದು ಸೈನ್, ಅಷ್ಟೇ.”

“ಕೊಡ್ತೇನೆ ಮಗಾ. ನೀನೂ ಅವನೂ ಒಂದು ಮೇಜಿಗೆ ಕೂತು ಒಂದು ಮಾತಿಗೆ ಬನ್ನಿ, ಆಗ ಕೊಡ್ತೇನೆ.”

“ಅಂದ್ರೆ ನಿಮ್ಮ ಮಗನಿಗೆ ಇಟ್ಕೊಂಡಿದ್ದೀರಿ.”

“ಅವನಿಗೆ ಕೊಡುವುದಿದ್ರೆ ಯಾವಾಗಲೋ ಕೊಡ್ತಿದ್ದೆ.”

ಸಂಜೆ ಮನೆಯಲ್ಲಿ ಶೋಭಿತನದೂ ಅದೇ ಮಾತು. “ಅಮ್ಮ, ಆ ಪ್ರೋಗ್ರಾಂ ಬರೆದದ್ದು ನಾನು. ನಿಮಗೆ ಸ್ವಂತ ಮಗನ ಮೇಲೆ ವಿಶ್ವಾಸ ಇಲ್ವಾ?”

“ವಿಶ್ವಾಸ ಉಂಟು. ಆದ್ರೆ ಅಣ್ಣ ಮಾಡಿದ್ದನ್ನು ಅಣ್ಣನ ಮಗನಿಂದ ಕಿತ್ತು ನಿನಗೆ ಕೊಡ್ಲಿಕ್ಕೆ ನನ್ನಿಂದ ಆಗುವುದಿಲ್ಲ.”

“ಹಾಗಾದ್ರೆ ನನ್ನಿಂದ ಕಿತ್ತು ಅವನಿಗೆ ಕೊಡಿ,” ಎಂದು ಅವನು ಊಟ ಬಿಟ್ಟು ಎದ್ದ.

ತಾನು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಇಬ್ಬರೂ ಒಂದು ದಿನ ಸುಸ್ತಾಗಿ ಬರುತ್ತಾರೆಂದು ಗುಣವತಿಯಕ್ಕ ನಂಬಿದ್ದರು. ಇದನ್ನು ನನ್ನ ಅಂಗಡಿಯ ಕಟ್ಟೆಯಲ್ಲಿ ಕೂತು ಅವರೇ ಹೇಳಿದ್ದು. ಶನಿವಾರ ಅಣ್ಣನಿಗೆ ಮಾತ್ರೆ ಒಯ್ಯಲು ಬರುತ್ತಿದ್ದರು. “ಒಂದೇ ಬಟ್ಟಲಲ್ಲಿ ಗಂಜಿ ಉಂಡ ಮಕ್ಕಳು ಜಯಣ್ಣ. ಎಷ್ಟು ದಿನ ಅಂತ ಹೀಗೆ ಇರ್ತಾರೆ?” ನಾನೂ ಹೌದೆಂದೆ.

ಹುಡುಗರು ಬರಲಿಲ್ಲ, ಕೋರ್ಟಿಗೆ ಹೋದರು. ಶ್ರವಣನ ದಾವೆಯಲ್ಲಿ ಶೋಭಿತ್ ಒಂದನೆಯ ಪ್ರತಿವಾದಿ, ಗುಣವತಿಯಕ್ಕ ಎರಡನೆಯವರು. ತೀರ್ಪಾಗುವವರೆಗೆ ಹೆಸರು, ವೆಬ್‌ಸೈಟು ಎಲ್ಲ ಇದ್ದ ಹಾಗೆಯೇ ಇರಬೇಕು, ಯಾರೂ ಏನನ್ನೂ ಬದಲಾಯಿಸಬಾರದು ಎಂದು ಮಧ್ಯಂತರ ಆದೇಶವಾಯಿತು. ಗುಣವತಿಯಕ್ಕನಿಗೆ ಸಮಾಧಾನವೇ ಆಯಿತು. ಇನ್ನು ಯಾರೂ ತನ್ನನ್ನು ಪೀಡಿಸುವುದಿಲ್ಲವಲ್ಲ ಎಂದುಕೊಂಡರು. ಆದರೆ ಆ ವಾರವೇ ಶ್ರವಣ್ ಅವರನ್ನು ಕೆಲಸದಿಂದ ನಿಲ್ಲಿಸಿದ. ಎದುರಾಳಿಯ ತಾಯಿಯನ್ನು ಫೋನಿನ ಮುಂದೆ ಕೂರಿಸಬೇಡಿ ಎಂದು ವಕೀಲರು ಹೇಳಿದ್ದರಂತೆ. ಅವರ ಆಫೀಸಿನ ಇಮೇಲನ್ನೂ ಮುಚ್ಚಿಸಿದ.

ಮಳೆಗಾಲ ಕಳೆಯುವ ಹೊತ್ತಿಗೆ ಅವರಿಗೆ ನವೀಕರಣದ ನೆನಪಾಯಿತು. ತಮ್ಮ ವಕೀಲರಿಗೆ ಫೋನ್ ಮಾಡಿದರು. “ಕೋರ್ಟಿನ ಆದೇಶ ಉಂಟು ಅಮ್ಮ. ನೀವು ಕೈ ಹಾಕಿದ್ರೆ ನ್ಯಾಯಾಂಗ ನಿಂದನೆ ಆಗ್ತದೆ. ಏನನ್ನೂ ಮುಟ್ಟಬೇಡಿ, ಮುಂದಿನ ವಾಯಿದೆಗೆ ಕೇಳುವ,” ಎಂದರು ಅವರು. ಗುಣವತಿಯಕ್ಕ ಮುಟ್ಟಲಿಲ್ಲ. ಹೆಸರು ಮಾರಿದ ಸಂಸ್ಥೆಗೆ ಕೋರ್ಟಿನ ಆದೇಶವನ್ನು ಯಾರೂ ತಿಳಿಸಿಯೇ ಇರಲಿಲ್ಲ. ಅಲ್ಲಿಂದ ಎಚ್ಚರಿಕೆಯ ಮೇಲ್‌ಗಳು ಒಂದರ ಹಿಂದೆ ಒಂದು ಬಂದವು, ಯಾರೂ ತೆರೆಯಲಾಗದ ಆ ಪೆಟ್ಟಿಗೆಗೆ.

ಒಂದು ಸೋಮವಾರ ಅಂಗಡಿ ತೆರೆದರೆ ನನ್ನ ಕಂಪ್ಯೂಟರಿನಲ್ಲಿ ಕಿನ್ನಿ ಏಳಲಿಲ್ಲ. ಲೈಸೆನ್ಸ್ ಸಿಗುವುದಿಲ್ಲವೆಂದು ಒಂದೇ ಸಾಲು. ಎದುರಿಗೆ ಇನ್ಸುಲಿನ್ ಕೇಳಿಕೊಂಡು ಜನ ನಿಂತಿದ್ದರು. ಹಳೆಯ ಬಿಲ್ ಪುಸ್ತಕ ಹುಡುಕಿ ಕೈಯಲ್ಲಿ ಬರೆದೆ. ಕುಂದಾಪುರದವರೆಗೂ ಅದೇ ಕಥೆಯೆಂದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ಶ್ರವಣನ ಆಫೀಸಿಗೆ ಫೋನ್ ಮಾಡಿದರೆ ಇದು ಶೋಭಿತನ ಕೆಲಸ ಎಂದರು, ಶೋಭಿತನಿಗೆ ಮಾಡಿದರೆ ಶ್ರವಣನದು ಎಂದ. ನಿಜಕ್ಕೂ ಇಬ್ಬರದೂ ಆಗಿರಲಿಲ್ಲ. ಅವಧಿ ಮುಗಿದ ಹೆಸರನ್ನು ಹರಾಜಿನಲ್ಲಿ ಯಾರೋ ಹಿಡಿದಿದ್ದರು. ಎಲ್ಲಿಯವರೆಂದು ಇವತ್ತಿಗೂ ಗೊತ್ತಿಲ್ಲ. ನನ್ನ ಮಗಳು ಪ್ರಣೀತಾ ಮೊಬೈಲಿನಲ್ಲಿ ಆ ವಿಳಾಸ ಒತ್ತಿ ನನ್ನ ಮುಂದೆ ಹಿಡಿದಳು. ಕಿನ್ನಿ ಎಂಬ ಹೆಸರಿನ ಕೆಳಗೆ ಇಸ್ಪೀಟು ಎಲೆಗಳು ಬೀಳುತ್ತಿದ್ದವು, ಹಣ ಕಟ್ಟಿ ಆಡಿ ಎಂದು ಕರೆಯುತ್ತಿತ್ತು.

ಶನಿವಾರ ಗುಣವತಿಯಕ್ಕ ಬಂದಾಗ ನಾನು ಆ ಮಾತು ಎತ್ತಲಿಲ್ಲ. ಅವರೇ ಎತ್ತಿದರು. “ನೋಡಿದ್ರಾ?”

“ನೋಡಿದೆ ಅಕ್ಕ.”

“ಯಾರಿಗಾದ್ರೂ ಒಬ್ಬನಿಗೆ ಕೊಟ್ಟು ಬಿಡ್ಬೇಕಿತ್ತು. ಯಾರಿಗಾದ್ರೂ.” ಕೈಚೀಲ ಬಿಡಿಸುತ್ತಾ, “ಇನ್ನೊಬ್ಬ ದ್ವೇಷ ಮಾಡ್ತಿದ್ದ, ಅಷ್ಟೇ. ಈಗ ಇಬ್ಬರೂ ಮಾಡ್ತಾರೆ,” ಎಂದರು. ನಾನು ಮಾತ್ರೆಯ ಪಟ್ಟಿಗಳನ್ನು ಕವರಿಗೆ ಹಾಕಿ ಕೊಟ್ಟೆ.

ಅಂಗಡಿಗಳು ಕಾಯಲಿಲ್ಲ. ನಾನೂ ಕಾಯಲಿಲ್ಲ. ಎರಡು ವಾರದಲ್ಲಿ ಬೇರೊಂದು ಕಂಪೆನಿಯ ಸಾಫ್ಟ್‌ವೇರ್ ಹಾಕಿಸಿಕೊಂಡೆ. ಕೊಟ್ಟಾರದ ಮಾಳಿಗೆಯಲ್ಲಿ ಈಗ ಟ್ಯೂಷನ್ ನಡೆಯುತ್ತದೆ. ಶೋಭಿತ್ ಕುಲಶೇಖರದ ಬೋರ್ಡು ಇಳಿಸಿ ಸುರತ್ಕಲ್ ಕಡೆ ಯಾವುದೋ ಕಂಪೆನಿಗೆ ಹೋಗುತ್ತಾನೆ. ತಾಯಿ ಮಗ ಒಂದೇ ಫ್ಲ್ಯಾಟಿನಲ್ಲಿದ್ದಾರೆ. ಅವನು ಬರುವ ಹೊತ್ತಿಗೆ ಅವರು ಊಟ ಮುಚ್ಚಿಟ್ಟು ತಮ್ಮ ಕೋಣೆಗೆ ಹೋಗಿರುತ್ತಾರೆ. ಅವನಿಗೆ ಹಾಗೆಯೇ ಬೇಕು.

ಶೆಟ್ರು ಕಳೆದ ದೀಪಾವಳಿಗೆ ಮುಂಚೆ ಹೋದರು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಗೆ, ನಾನೂ ಹೋಗಿದ್ದೆ. ಶ್ರವಣ್ ಚಪ್ಪರದ ಒಂದು ತುದಿಯಲ್ಲಿ ಬಂದವರಿಗೆ ಕೈ ಮುಗಿಯುತ್ತಿದ್ದ, ಶೋಭಿತ್ ಗೇಟಿನ ಹೊರಗೆ ಕಾರಿನಲ್ಲೇ ಕೂತಿದ್ದ. ಗುಣವತಿಯಕ್ಕ ಒಳಗೆ ಹೆಂಗಸರ ನಡುವೆ ಕೂತಿದ್ದರು. ಹೊರಟಾಗ ಹತ್ತಿರ ಹೋದೆ. “ಕೇಸ್ ಇನ್ನೂ ಉಂಟಾ ಅಕ್ಕ?” ಎಂದು ಕೇಳಬಾರದ್ದನ್ನು ಕೇಳಿಬಿಟ್ಟೆ.

“ಉಂಟು. ಇಬ್ಬರೂ ಹಿಂದೆ ತೆಗೆಯುವುದಿಲ್ಲ ಅಂತಾರೆ,” ಎಂದರು. ನೀರಿನ ಲೋಟವನ್ನು ಕೆಳಗಿಟ್ಟು ಮತ್ತೆ ನನ್ನ ಕಡೆ ನೋಡಿದರು. “ವಕೀಲರತ್ರ ಕೇಳಿದೆ, ಹೆಸರೇ ಹೋಯ್ತಲ್ಲ, ಇನ್ನು ಎಂತಕ್ಕೆ ಹೊಡೆದಾಡುವುದು ಅಂತ. ಹೆಸರು ಹೋದ್ರೂ ಹಕ್ಕು ಯಾರದ್ದು ಅಂತ ತೀರ್ಮಾನ ಆಗ್ಬೇಕಂತೆ.”

ಹೊರಗೆ ಯಾರೋ ಊಟಕ್ಕೆ ಕರೆದರು. ಅವರು ಏಳಲಿಲ್ಲ.