ಒಲೆ ಹಚ್ಚಬೇಡಿ ಎಂದು ಕರೆದ ಸಭೆ

ಹಿಂದಿನ ಗ್ರಾಮ ಪಂಚಾಯ್ತಿ ಚುನಾವಣೆಗೆ ವರ್ಷವೊಂದು ಬಾಕಿಯಿದ್ದಾಗ ನಾನು ಬೆಂಗಳೂರಿನ ಅನುದಾನ ಸಮಿತಿಯೊಂದರ ಗದಗ ಭಾಗದ ಫೀಲ್ಡ್ ಆಫೀಸರ್. ರಾಜಕೀಯ ಜಾಗೃತಿಯ ಕೆಲಸಕ್ಕೆ ಹಣ ಕೊಡುವ ಆ ಸಮಿತಿಗೆ ಯಾರೂ ಅರ್ಜಿ ಹಾಕುವಂತಿರಲಿಲ್ಲ. ಸಮಿತಿಯೇ ಆರಿಸಿ ಕರೆಯಬೇಕು. ಯಾರನ್ನು ಕರೆಯಬಹುದೆಂದು ತಿಳಿಸುವುದು ನನ್ನ ಕೆಲಸ. ದಾನಿಗಳ ಹೆಸರು ನನಗೂ ಗೊತ್ತಿರಲಿಲ್ಲ.

ಕುರ್ತಕೋಟಿಯ ಕೂಲಿ ಹೆಣ್ಣುಮಕ್ಕಳ ಸಂಘವನ್ನು ನಾನು ಸೂಚಿಸಿದೆ. ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲೂ ಕೂಲಿ ಹೆಂಗಸರನ್ನು ಚುನಾವಣೆಗೆ ನಿಲ್ಲಿಸಬೇಕೆಂಬುದು ಅವರ ಹಟ. ಓಡಾಟದ ಖರ್ಚಿಗೆ ಬೇರೆ ದಾರಿಯಿರಲಿಲ್ಲ.

ಸಂಘದ ಮುಖ್ಯಸ್ಥೆ ಶಾಂತವ್ವನವರ ಮನೆಗೆ ಹೋಗಿ, ಗದಗದ ಹೋಟೆಲಿನಲ್ಲಿ ಸಭೆಯಿದೆ, ಊಟವೂ ಅಲ್ಲೇ ಎಂದೆ. "ಒಲಿ ಹಚ್ಚಬ್ಯಾಡ್ರಿ" ಎಂದೂ ಹೇಳಿದೆನಂತೆ. ಹಾಗೆಂದರೆ ನಮ್ಮ ಕಡೆ ಮನೆಮಂದಿಗೆಲ್ಲ ಕರೆ. ಸಮಿತಿ ಕರೆದದ್ದು ಅವರೊಬ್ಬರನ್ನು. ಬಾಯಿತಪ್ಪಿ ಅಂದೆನೋ, ಬೇಕೆಂದೇ ಅಂದೆನೋ, ಅನ್ನಲೇ ಇಲ್ಲವೋ? ನೆನಪನ್ನು ಸಾಕ್ಷಿಯಾಗಿ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಶಾಂತವ್ವ ಮಾತ್ರ ಇಂದಿಗೂ ಅಂದಿರಿ ಎನ್ನುತ್ತಾರೆ.

ಸಭೆಯ ದಿನ ಟಂಟಂ ಗಾಡಿ ತುಂಬ ಸಂಘದ ಹೆಂಗಸರು ಬಂದಿಳಿದರು. ಸಮಿತಿಯ ಅಧ್ಯಕ್ಷರು ಬಾಗಿಲಿಗೆ ಬಂದು, "ಒಬ್ಬರನ್ನಷ್ಟೇ ಕರೆದಿದ್ದೆವು" ಎಂದರು.

"ಒಲಿ ಹಚ್ಚಬ್ಯಾಡ್ರಿ ಅಂದಾರ್ರಿ ಸಾಹೇಬ್ರು. ಸಂಘ ಅಂದ್ರ ಒಂದ ಮನಿ," ಎಂದರು ಶಾಂತವ್ವ.

ಹಿಂದಿನಿಂದ ಹಿರಿಯ ಸದಸ್ಯೆ ಹುಸೇನಬಿ, "ಒಳಗ ಏಸಿ ಐತಂತ. ನಮಗ ಥಂಡಿ ಆಗತೈತಿ, ಬೇಕಾದ್ರ ನೀವ ಹೊರಗ ಬರ್ರಿ," ಎಂದರು.

ಅಧ್ಯಕ್ಷರು ನನ್ನತ್ತ ನೋಡಿದರು. ನಾನು ಬಾಗಿಲಿನ ಎರಡೂ ಕದ ತೆರೆದೆ.

ಒಳಗೆ ಮಾತು ಚೆನ್ನಾಗಿಯೇ ನಡೆಯಿತು. ಅನುದಾನಕ್ಕೆ ಒಪ್ಪಿಗೆಯೂ ಸಿಕ್ಕಿತು. ಕೊನೆಗೆ ಒಂದು ಷರತ್ತು ಬಂತು: ದಾನಿಗಳು ಯಾರೆಂದು ಕೇಳುವಂತಿಲ್ಲ.

"ಯಾರ ರೊಕ್ಕದಾಗ ಬಂದೀರಿ ಅಂತ ಹಳ್ಯಾಗ ಕೇಳ್ತಾರ್ರಿ. ಏನ ಹೇಳೂಣು?" ಶಾಂತವ್ವ ಕೇಳಿದರು.

"ಹಿತೈಷಿಗಳು ಎನ್ನಿ," ಎಂದರು ಅಧ್ಯಕ್ಷರು.

"ನಾವು ನಮ್ಮ ಹೆಸರ ಹೇಳಿ ಓಟು ಕೇಳಾಕ ಹೊಂಟೀವ್ರಿ. ಅವರಿಗೆ ಹೆಸರ ಹೇಳಾಕ ಏನ ಧಾಡಿ? ಹೆಸರ ಹೇಳದವರ ಊಟ ನಮಗ ಬ್ಯಾಡ."

ಶಾಂತವ್ವ ಎದ್ದರು, ಹೆಂಗಸರೆಲ್ಲರೂ ಎದ್ದರು. ಊಟದ ಪಾತ್ರೆಗಳ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಬೆಳಿಗ್ಗೆ ಯಾರ ಮನೆಯಲ್ಲೂ ಒಲೆ ಹೊತ್ತಿರಲಿಲ್ಲ. ರಸ್ತೆಯಾಚೆಯ ಅಂಗಡಿಯಲ್ಲಿ ಗಿರಮಿಟ್, ಮಿರ್ಚಿ ತಿಂದರು. ನಾನೂ ಹೋಗಿ ಕೂತೆ.

"ಇವತ್ತ ನಿಮ್ಮ ಒಲಿನೂ ಆರಿತು ನೋಡ್ರಿ, ಸಾಹೇಬ್ರ," ಎಂದು ಹುಸೇನಬಿ ನಕ್ಕರು.

ಖರೆಯಾಯಿತು. ಸಮಿತಿ ನನ್ನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅನುದಾನವಿಲ್ಲದೆ ಸಂಘಕ್ಕೆ ಮುಂಡರಗಿ ತಲುಪಲಾಗಲಿಲ್ಲ. ಶಿರಹಟ್ಟಿ ಕಡೆಯ ಬೆಳ್ಳಟ್ಟಿ ಸುತ್ತಲಿನ ಕೆಲವು ಊರುಗಳನ್ನು ನಡೆದೇ ಮುಗಿಸಿದರು. ಯಾರ ರೊಕ್ಕ ಎಂದು ಕೇಳಿದಲ್ಲೆಲ್ಲ, ಬುತ್ತಿ ಕಟ್ಟಿಕೊಟ್ಟವರ ಹೆಸರು ಹೇಳಿದರು.

ಯಾರನ್ನು ಕರೆಯಬೇಕೆಂದು ಆರಿಸುವವರು ಮೊದಲು ತಾವು ಯಾರೆಂದು ಹೇಳಲಿ. ಹಾಗೆ ಕೇಳುವುದು ಉಪಕಾರಗೇಡಿತನವಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅಂದು ಏನೆಂದು ಕರೆದೆನೋ, ಆಣೆ ಮಾಡಿ ಹೇಳಲಾರೆ. ಇಂದು ಕರೆಯುವುದಾದರೆ, ಒಲೆ ಹಚ್ಚಬೇಡಿ ಎಂದೇ ಕರೆಯುತ್ತೇನೆ.