ಪ್ರೊಜೆಕ್ಟರ್ ಕಂಪನಿಯ ಪಾಲುದಾರಳು

ಚಾಮರಾಜನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಶಾಲೆಗಳ, ಕಲ್ಯಾಣ ಮಂಟಪಗಳ ಪ್ರೊಜೆಕ್ಟರ್‌ಗಳನ್ನು ರಿಪೇರಿ ಮಾಡುತ್ತೇನೆ. ಮೊದಮೊದಲು ಬಂದವರು ನನ್ನನ್ನು ನೋಡಿ, "ರಿಪೇರಿಯವ್ರು ಎಲ್ಲಿಗೋದ್ರು?" ಎಂದು ಕೇಳುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ.

ನನ್ನ ಮೇಜಿಗೆ ಬರುವ ಯಂತ್ರಗಳ ಕಾಯಿಲೆ ಹೆಚ್ಚುಕಡಿಮೆ ಎರಡೇ. ಬಲ್ಬು ಸುಟ್ಟಿರುತ್ತದೆ, ಇಲ್ಲವೇ ಧೂಳು ಕಟ್ಟಿಕೊಂಡು ಫ್ಯಾನು ನಿಂತಿರುತ್ತದೆ. ಬಲ್ಬೇ ಇಲ್ಲದ, ಲೇಸರ್ ಬೆಳಕಿನ ಪ್ರೊಜೆಕ್ಟರ್ ಮೊದಲ ಸಲ ಬಂದದ್ದು ಉಡಿಗಾಲದ ಕಡೆಯ ಒಂದು ಶಾಲೆಯಿಂದ. ಮೂರು ವರ್ಷ ದಿನವೂ ಓಡಿದ್ದರೂ ಬೆಳಕು ಒಂಚೂರೂ ಮಂಕಾಗಿರಲಿಲ್ಲ. ಧೂಳು ಮಾತ್ರ ಗಿಡಿದು ತುಂಬಿತ್ತು. ತೆಗೆದು ಒರೆಸಿದೆ, ಮತ್ತೆ ಹೊಸದರಂತೆ ಓಡಿತು. ಇದನ್ನು ಮಾಡಿದವರು ಯಾರು ಎಂದು ಹಿಂಬದಿಯ ಚೀಟಿ ಓದಿದೆ. ನಮ್ಮ ದೇಶದ್ದೇ ಒಂದು ಸಣ್ಣ ಕಂಪನಿ. ಅದರ ಷೇರು ಮಾರುಕಟ್ಟೆಯಲ್ಲಿದೆ ಎಂದು ಫೋನಿನಲ್ಲಿ ಹುಡುಕಿದಾಗ ತಿಳಿಯಿತು.

ಅವರ ವಾರ್ಷಿಕ ವರದಿಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಲು ನನಗೆ ಒಂದು ತಿಂಗಳು ಹಿಡಿಯಿತು. ನನ್ನ ಮದುವೆಗೆಂದು ಅಪ್ಪ ಇಟ್ಟಿದ್ದ ಠೇವಣಿ ಬ್ಯಾಂಕಿನಲ್ಲಿ ಹಾಗೇ ಇತ್ತು. ನಾನು ಮದುವೆಯಾಗಲಿಲ್ಲ. ಆ ಹಣವನ್ನು ಈ ಷೇರಿಗೆ ಹಾಕಬೇಕೆನಿಸಿತು. ಆದರೆ ಅಪ್ಪನಿಗೆ ಹೇಳದೆ ಮುಟ್ಟಲು ಮನಸ್ಸು ಬರಲಿಲ್ಲ.

ಅಪ್ಪನದು ಗುಂಡ್ಲುಪೇಟೆಯಲ್ಲಿ ಈರುಳ್ಳಿ ವ್ಯಾಪಾರ. ಅದೇ ಕಂಪನಿಯ ಹಳೆಯ ಪ್ರೊಜೆಕ್ಟರೊಂದನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಮಂಡಿಯಲ್ಲಿ ಅಪ್ಪ ಲಾರಿಗೆ ಮೂಟೆ ತುಂಬಿಸುತ್ತಿದ್ದರು. ನನ್ನ ಮಾತು ಕೇಳಿದವರೇ ಬೇಡವೆಂದು ತಲೆಯಾಡಿಸಿದರು.

"ಕಣ್ಣಿಗೆ ಕಾಣ್ದಿರೋ ಕಂಪ್ನಿಗೆ ದುಡ್ಡು ಆಕ್ತೀಯಾ? ನಾಳೆ ಬಾಗ್ಲು ಆಕ್ಕಂಡು ಓದ್ರೆ ಯಾರ್ನ ಇಡ್ಕೊಳದಮ್ಮಿ?"

"ಕಾಣಂಗೆ ತಂದಿವ್ನಿ, ನೋಡಪ್ಪ," ಎಂದು ಅವರ ಮೇಜಿನ ಮೇಲೆಯೇ ಯಂತ್ರ ಬಿಚ್ಚಿದೆ. ಲೇಸರ್ ಎಲ್ಲಿ ಹೊತ್ತುತ್ತದೆ, ಉಗುರಿನಷ್ಟಗಲದ ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ ಲಕ್ಷಗಟ್ಟಲೆ ಪುಟಾಣಿ ಕನ್ನಡಿಗಳು ಹೇಗೆ ಅಲುಗಾಡಿ ಚಿತ್ರ ಮೂಡಿಸುತ್ತವೆ, ಎಲ್ಲ ತೋರಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಈ ಕನ್ನಡೀನೂ ಅವ್ರೇ ಮಾಡ್ತಾರಾ?"

"ಇಲ್ಲ, ಅದು ಪರದೇಶದಿಂದ ಬತ್ತದೆ. ಬೆಳಕಿನ ಭಾಗ, ತಂಪು ಮಾಡೋ ಭಾಗ ಇವ್ರದು."

"ಅಂಗಾರೆ ಕನ್ನಡಿಯೋನು ಕೊಡಕಿಲ್ಲ ಅಂದ್ಬುಟ್ರೆ ಇವ್ರು ಏನ್ ಮಾಡ್ತಾರೆ?"

ಒಂದು ತಿಂಗಳು ಓದಿದ ನನಗೆ ಹೊಳೆಯದ ಪ್ರಶ್ನೆ! ಕೊನೆಗೆ ಅಪ್ಪನೇ, "ಅರ್ಧ ಆಕು. ಇನ್ನರ್ಧ ಇರ್ಲಿ ಬುಡು," ಎಂದರು. ಹಾಗೇ ಮಾಡಿದೆ.

ಮರುವರ್ಷ ಕನ್ನಡಿ ಚಿಪ್ಪುಗಳು ಸಿಗದೆ ಕಂಪನಿಯ ಕೆಲಸ ತಿಂಗಳುಗಟ್ಟಲೆ ಕುಂಟಿತು. ಷೇರಿನ ಬೆಲೆ ಇಳಿಯುತ್ತಲೇ ಹೋಯಿತು. ಮಾರಿಬಿಡು ಎಂದವರೇ ಹೆಚ್ಚು. ನನ್ನ ಮೇಜಿಗೆ ಆ ಕಂಪನಿಯ ಯಂತ್ರಗಳು ಧೂಳು ಬಿಟ್ಟರೆ ಬೇರೆ ಯಾವ ದೂರಿಗೂ ಬಂದಿರಲಿಲ್ಲ. ಅದೊಂದನ್ನೇ ನಂಬಿ ಸುಮ್ಮನೆ ಕೂತೆ.

ಆಮೇಲೆ ಷೇರುದಾರರ ವಾರ್ಷಿಕ ಸಭೆ ಬಂತು. ಅದು ನಡೆಯುವುದು ವಿಡಿಯೋದಲ್ಲಿ. ಮಾತಾಡಬೇಕೆನ್ನುವವರು ಮೊದಲೇ ಹೆಸರು ಕೊಡಬೇಕು. ಕೊಟ್ಟೆ. ಆ ದಿನ ಅಪ್ಪ ಮಂಡಿ ಬಿಟ್ಟು, ಇಸ್ತ್ರಿ ಮಾಡಿದ ಪಂಚೆ ಉಟ್ಟು ನನ್ನ ಅಂಗಡಿಗೆ ಬಂದು ಪಕ್ಕದಲ್ಲಿ ಕೂತರು. ಉಳಿದವರೆಲ್ಲ ಇಂಗ್ಲಿಷಿನಲ್ಲಿ ಲಾಭಾಂಶ ಯಾವಾಗ ಎಂದು ಕೇಳಿದರು. ನನ್ನ ಸರದಿ ಬಂತು. ಕನ್ನಡದಲ್ಲಿ ಮಾತಾಡಬಹುದೇ ಎಂದೆ. ಕಂಪನಿಯ ಕಾರ್ಯದರ್ಶಿ, ಮಾತಾಡಿ, ನಾನು ಅನುವಾದಿಸುತ್ತೇನೆ ಎಂದರು.

ಅವರದೇ ಯಂತ್ರದಿಂದ ತೆಗೆದ, ಧೂಳು ತುಂಬಿದ ಫಿಲ್ಟರನ್ನು ಕ್ಯಾಮೆರಾಕ್ಕೆ ಹಿಡಿದೆ. "ನಿಮ್ಮ ಪ್ರೊಜೆಕ್ಟರ್ ಕೆಡೋದು ಇದೊಂದರಿಂದ. ಇದನ್ನ ಒರೆಸಬೇಕಾದ್ರೆ ಹನ್ನೊಂದು ಸ್ಕ್ರೂ ಬಿಚ್ಚಬೇಕು. ಯಾವ ಟೀಚರ್ ಬಿಚ್ತಾರೆ? ಹೊರಗಿನಿಂದ ಎಳೆದು ತೆಗೆಯೋ ಹಾಗೆ ಯಾಕೆ ಮಾಡಿಲ್ಲ?"

ಕಂಪನಿಯ ಅಧ್ಯಕ್ಷರು ವಿನ್ಯಾಸ ಮಾಡುವವರನ್ನೇ ನನ್ನ ಬಳಿಗೆ ಕಳಿಸುವುದಾಗಿ ಹೇಳಿದರು. ಮಾತಿಗೆ ಹೇಳಿದರು ಅಂದುಕೊಂಡೆ. ಆದರೆ ಎರಡು ವಾರಕ್ಕೆ ಅವರ ಎಂಜಿನಿಯರ್ ಒಬ್ಬರು ಅಂಗಡಿಗೆ ಬಂದೇಬಿಟ್ಟರು. ನಾನು ಯಂತ್ರ ಬಂದ ಊರಿನ ಹೆಸರು ಬರೆದು ತೆಗೆದಿಟ್ಟಿದ್ದ ಕೆಟ್ಟ ಫ್ಯಾನು, ಫಿಲ್ಟರುಗಳನ್ನೆಲ್ಲ ಸಂಜೆಯವರೆಗೂ ನೋಡಿ ಬರೆದುಕೊಂಡರು. ಹೊರಡುವಾಗ ನನ್ನನ್ನು "ಮೇಡಂ" ಅಂದರು.

ಮುಂದಿನ ಮಾದರಿಯಲ್ಲಿ ಪಕ್ಕಕ್ಕೊಂದು ಪುಟ್ಟ ಬಾಗಿಲಿತ್ತು. ಬೆರಳಿನಿಂದ ಎಳೆದರೆ ಫಿಲ್ಟರ್ ಹೊರಬರುತ್ತಿತ್ತು. ಚಿಪ್ಪಿನ ತೊಂದರೆಯೂ ತಿಳಿಯಾಗಿ ಷೇರು ಚೇತರಿಸಿಕೊಂಡು, ನಾನು ಕೊಂಡ ಬೆಲೆಯನ್ನು ದಾಟಿತು. ಆದರೆ ನನ್ನನ್ನು ಬೀಗುವಂತೆ ಮಾಡಿದ್ದು ಆ ಬಾಗಿಲು.

ಅಪ್ಪ ಈಗ ಈರುಳ್ಳಿ ಕೊಳ್ಳಲು ಬರುವ ಕೇರಳದವರಿಗೂ ಬಿಡದೆ ಹೇಳುತ್ತಾರೆ: "ನಮ್ ಉಡ್ಗಿ ಏಳಿದ್ ಮ್ಯಾಲೇ ಅವ್ರು ಬಾಗ್ಲು ಮಡಗಿದ್ದು ಕಣಯ್ಯಾ. ಅವ್ಳೂ ಆ ಕಂಪ್ನಿ ಪಾಲುದಾರ್ಳು." ಇನ್ನರ್ಧ ಹಣವನ್ನು ಹಾಕೆಂದು ಮಾತ್ರ ಇವತ್ತಿಗೂ ಹೇಳಿಲ್ಲ.

ಈ ಸಲದ ಸಭೆಗೂ ಹೆಸರು ಕೊಟ್ಟಿದ್ದೇನೆ. ಹಳೆಯ ಯಂತ್ರಗಳಿಗೆ ಬಿಡಿಭಾಗ ಮಾಡುವುದನ್ನು ಏಕೆ ನಿಲ್ಲಿಸುತ್ತಿದ್ದೀರಿ ಎಂದು ಕೇಳಬೇಕು. ಅವರಿಗೆ ಹಿಡಿಸುವ ಪ್ರಶ್ನೆಯಲ್ಲ.