ಗೆಜ್ಜೆ ಬಿಚ್ಚಿದ ಟಾಂಗಾ

ಬೀದರಿನಲ್ಲಿ ವಕೀಲಿ ಶುರು ಮಾಡಿದ ಹೊಸತರಲ್ಲಿ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಕ್ಷಿದಾರ ಸುಳ್ಳು ಹೇಳಿದರೆ ಸಿಟ್ಟು, ನಿಜ ಹೇಳಿದರೆ ಇನ್ನೂ ಸಿಟ್ಟು. ಈ ಟಾಂಗಾದವನು ಬಂದು ಕೂತವನೇ ನಿಜ ಹೇಳಿಬಿಟ್ಟ.

"ಜೋರ ಓಡಿಸಿದ್ದು ಖರೆ ಐತ್ರಿ, ವಕೀಲ ಸಾಹೇಬ್ರ."

"ನನ್ನ ಮುಂದ ಹೇಳಿದಿ, ಆತು. ಇನ್ನ ಬಾಯಿ ಮುಚ್ಚು," ಎಂದೆ.

ಅವನು ಬೀದರಿನಿಂದ ಭಾಲ್ಕಿಗೆ ಟಾಂಗಾ ಹೊಡೆಯುತ್ತಿದ್ದ. ತಾಯಿ ತೀರಿಕೊಂಡು, ಔರಾದ ಕಡೆಯ ಸಂತಪುರದ ಹೊಲದಲ್ಲಿ ಮಣ್ಣು ಮಾಡಿ ಬಂದು, ಅವನು ಹಾಗೆ ಜೋರು ಓಡಿಸಿದ ದಿನಕ್ಕೆ ಇನ್ನೂ ವಾರ ತುಂಬಿರಲಿಲ್ಲ. ಅವರ ಮನೆತನದಲ್ಲಿ ಒಂದು ನಡಾವಳಿ ಇತ್ತು. ಮನೆಯಲ್ಲಿ ಸಾವಾದರೆ ಎತ್ತು, ಕುದುರೆಗಳ ಕೊರಳ ಗೆಜ್ಜೆ ಬಿಚ್ಚಿಡಬೇಕು, ಸತ್ತವರ ಹೆಸರಿನ ಗಣಾರಾಧನೆಯ ಊಟ ಮುಗಿದ ಮೇಲೆಯೇ ಮತ್ತೆ ಕಟ್ಟಬೇಕು. ತಾಯಿ ಸತ್ತರೆ ಬಿಚ್ಚುವ ಹಕ್ಕು ಸೋದರಮಾವನದು. ದಾರಿಯ ಮೇಲಿನ ಗಾಡಿ, ಗೆಜ್ಜೆ ಇರಲಿ ಎಂದು ಇವನು ಎಷ್ಟು ಕೇಳಿಕೊಂಡರೂ ಭಾಲ್ಕಿಯಲ್ಲಿದ್ದ ಆ ಮುದುಕ ಮಾವ ಒಪ್ಪಲಿಲ್ಲವಂತೆ. "ಅಕ್ಕನ ಮಣ್ಣ ಇನ್ನ ಹಸಿ ಐತಿ. ನಿನ್ನ ಕುದುರಿ ಝಣಝಣ ಅಂತ ಕುಣಿಬೇಕೇನು?" ಎಂದು ಬೈದು ತನ್ನ ಕೈಯಾರೆ ಬಿಚ್ಚಿದ್ದ.

ಆಗ ಆ ದಾರಿಗೆ ಬಾಡಿಗೆ ಮೋಟಾರು ಹೊಸದಾಗಿ ಬಂದಿತ್ತು. ಮೋಟಾರಿನವರಿಗೂ ಟಾಂಗಾದವರಿಗೂ ಹಾವು ಮುಂಗುಸಿ. ಅವತ್ತು ಭಾಲ್ಕಿ ಇನ್ನೇನು ಬಂತು ಅನ್ನುವಾಗ ಮೋಟಾರು ಇವನನ್ನು ಹಿಂದೆ ಹಾಕಿತು. ಹಾಕಿ ಸುಮ್ಮನೆ ಹೋದೀತೆ? ಅದರ ಡ್ರೈವರ ಕತ್ತು ಹೊರಗೆ ಚಾಚಿ, "ಯಾರ ಮಣ್ಣಿಗೆ ಹೊಂಟೀಯಲೇ, ಇಷ್ಟ ಸಾವಕಾಶ?" ಎಂದು ಕೂಗಿದ. ಒಳಗಿನ ಮಂದಿ ನಕ್ಕರು. ಅವನು ಮಾಮೂಲು ಚೇಷ್ಟೆಯೇ ಮಾಡಿದ್ದ, ಆದರೆ ಇವನಿಗೆ ಕರುಳು ಕಿತ್ತಂತಾಯಿತು. ಚಾಬೂಕು ಎತ್ತಿ, ಮೋಟಾರಿನ ಧೂಳಿನೊಳಗೇ ಕುದುರೆಯನ್ನು ಬಿಟ್ಟ. ಮುಂದೆ ಒಬ್ಬ ಮುದುಕ ಮೋಟಾರಿಗೆಂದು ದಾರಿ ಬಿಟ್ಟು ಬದಿಗೆ ನಿಂತಿದ್ದವನು, ಅದು ಹೋಯಿತಲ್ಲ ಎಂದು ಮತ್ತೆ ದಾರಿಗೆ ಕಾಲಿಟ್ಟ. ಧೂಳಿನಲ್ಲಿ ಟಾಂಗಾ ಕಾಣಲಿಲ್ಲ, ಗೆಜ್ಜೆಯಿಲ್ಲದ್ದರಿಂದ ಕೇಳಲೂ ಇಲ್ಲ. ಗಾಲಿ ಕಾಲಿನ ಮೇಲೆ ಹಾಯಿತು. ಇಳಿದು ನೋಡಿದರೆ ಅದೇ ಸೋದರಮಾವ.

ಪೊಲೀಸ್ ಅಮೀನ ಖಟ್ಲೆ ಹಾಕಿದ. ಲಗಾಮು ಬಿಟ್ಟು ಬೇಲಗಾಮ ಓಡಿಸಿದ್ದಾನೆ, ಸುಳಿವು ಕೊಡದೆ ಮೋಟಾರನ್ನು ಹಿಂದೆ ಹಾಕಲು ಬೇಕೆಂದೇ ಗೆಜ್ಜೆ ಬಿಚ್ಚಿ ಸದ್ದಡಗಿಸಿದ್ದಾನೆ ಎಂದು. ಆರೋಪ ಸಾಬೀತಾದರೆ ಜೈಲು ಖಾತ್ರಿ, ಟಾಂಗಾದ ಪರವಾನಗಿಯೂ ಹೋಗುತ್ತಿತ್ತು. ತಾಯಿ ಸತ್ತಳೆಂದು ಗೆಜ್ಜೆ ಬಿಚ್ಚಿದೆವು ಎಂದಷ್ಟೇ ಇವನು ಠಾಣೆಯಲ್ಲಿ ಹೇಳಿದ್ದ. ಬಿಚ್ಚಿದವರು ಯಾರು ಎಂದು ಬಾಯಿ ಬಿಟ್ಟಿರಲಿಲ್ಲ.

ನನಗೆ ದಾರಿ ಹೊಳೆಯಿತು. ಸರಕಾರದ ಸಾಕ್ಷಿ ಆ ಮಾವನೇ. ಗೆಜ್ಜೆ ಬಿಚ್ಚಿದವರು ಯಾರು ಎಂದು ಅವನನ್ನೇ ಕೇಳಿದರೆ ಅಮೀನನ ಕತೆಯ ಬುಡವೇ ಕುಸಿಯುತ್ತದೆ. ಹೇಳಿದೆ. ಟಾಂಗಾದವನು ಕೈ ಮುಗಿದ.

"ಅದೊಂದ ಕೇಳಬ್ಯಾಡ್ರಿ. ಮೊದಲೇ ಕಾಲ ಹೋಗೇತಿ. ತನ್ನ ಕಾಲ ತಾನ ಮುರಕೊಂಡ ಅಂತ ಹತ್ತ ಮಂದ್ಯಾಗ ಅವನ ಬಾಯಲೇ ಹೇಳಸ್ತೀರೇನ್ರಿ? ನಾ ಬೇಕಾದ್ರ ಜೇಲಿಗಿ ಹೋಗ್ತೇನಿ."

"ನೀ ಹೋಗು. ಹೇಂತಿ ಮಕ್ಕಳು ಏನ ತಿನ್ನಬೇಕು? ಗೆಜ್ಜಿ ತಿನ್ನಬೇಕೇನು?" ಎಂದು ರೇಗಿದೆ.

ಅವನು ತಲೆ ತಗ್ಗಿಸಿದ. ಮಾತು ಮಾತ್ರ ಬದಲಿಸಲಿಲ್ಲ. ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದೆ. ಕೇಳಿದರೆ ಮುದುಕ ಉಳಿದ ಆಯುಷ್ಯವೆಲ್ಲ ಕೊರಗುತ್ತಾನೆ, ಕೇಳದಿದ್ದರೆ ಒಂದು ಸಂಸಾರ ಬೀದಿಗೆ ಬೀಳುತ್ತದೆ. ಕೋರ್ಟಿನಲ್ಲಿ ಪೇಶಿಯ ದಿನ ಬರುವವರೆಗೂ ನನಗೆ ಊಟ ಸೇರಲಿಲ್ಲ.

ಮುದುಕನನ್ನು ಹಗ್ಗದ ಹೊರಸಿನ ಮೇಲೆ ಹೊತ್ತು ತಂದರು. ಹಣೆ ತುಂಬ ವಿಭೂತಿ, ಕಾಲಿಗೆ ಬಿದಿರ ಕಟ್ಟು. ನಾನು ಪಾಟೀಸವಾಲಿಗೆ ಎದ್ದೆ. ಮೋಟಾರಿನ ಧೂಳಿನ ಬಗ್ಗೆ ಕೇಳಿದೆ. ಆ ಒಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಕಟಕಟೆಯಿಂದ ಟಾಂಗಾದವನು ನನ್ನನ್ನೇ ನೋಡುತ್ತಿದ್ದ. ನುಂಗಿಕೊಂಡು ಕೂತೆ. ಕೂತು, ಖಟ್ಲೆ ಹೋಯಿತು ಅಂದುಕೊಂಡೆ.

ಸರಕಾರಿ ವಕೀಲ ಓದಿಕೊಂಡವನು. ಗೆದ್ದ ಹುರುಪಿನಲ್ಲಿ ಎದ್ದು, ಲಿಂಗವಂತರಿಗೆ ಸೂತಕವೇ ಇಲ್ಲ ಎಂದು ಇವರ ಧರ್ಮವೇ ಹೇಳುತ್ತದೆ, ಸಾವಿಗೆ ಗೆಜ್ಜೆ ಬಿಚ್ಚಿದೆವೆಂಬುದು ಕಟ್ಟುಕತೆ ಎಂದ. ಮುದುಕ ಮೊಣಕೈಯೂರಿ ಅರ್ಧ ಎದ್ದ.

"ಸೂತಕ ಇಲ್ಲ, ಖರೆ ಐತ್ರಿ. ದುಃಖನೂ ಇಲ್ಲಂತ ಯಾರ ಹೇಳ್ಯಾರ್ರಿ? ಸತ್ತಾಕಿ ನಮ್ಮ ಅಕ್ಕ. ಹುಡುಗ ಬ್ಯಾಡ ಅಂದ. ನಾನ ಬಿಚ್ಚೀನಿ, ಈ ಕೈಲೇ."

ಗುಮಾಸ್ತ ಪೇಶ್ಕಾರ ಅದನ್ನು ಕೋರ್ಟಿನ ಭಾಷೆಯಾದ ಉರ್ದುವಿನಲ್ಲಿ ಹೇಳಿದಾಗ ಮುನ್ಸಿಫ್ ಸಾಹೇಬರು ಬರೆಯುವುದನ್ನು ನಿಲ್ಲಿಸಿದರು. ಟಾಂಗಾ ಜೋರಾಗಿ ಬಂತೇ ಎಂದು ತಾವೇ ಕೇಳಿದರು.

"ಇಲ್ರಿ. ಸಾವಕಾಶ ಬರ್ಲಿಕತ್ತಿದ್ದ. ನಾನ ಅಡ್ಡ ಹೋದೆ."

ವಿಭೂತಿಯ ಮುದುಕ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ್ದ. ಅದು ಸುಳ್ಳೆಂದು ಅಲ್ಲಿ ನಮ್ಮ ಮೂವರಿಗೇ ಗೊತ್ತಿತ್ತು. ಟಾಂಗಾದವನಿಗೆ ಬಿಡುಗಡೆಯಾಯಿತು.

ಹೊರಗೆ ಬಂದದ್ದೇ ಅವನು ಹೊರಸಿನ ಬುಡದಲ್ಲಿ ಬಿದ್ದು ಅತ್ತ. "ಮಾಮಾ, ನಾ ಜೋರ ಬಂದಿದ್ದೆ," ಎಂದ.

"ಗೊತ್ತೈತಿ," ಎಂದ ಮುದುಕ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. "ಬಿಚ್ಚಿದ ತಪ್ಪ ನಂದು, ಹೊಡದ ತಪ್ಪ ನಿಂದು. ಕೋರ್ಟಿಗಿ ನಂದಷ್ಟ ಸಾಕು. ನಿಂದು ಅಕ್ಕನ ಗದ್ದಿಗಿ ಮುಂದ ಹೋಗಿ ಹೇಳು."

ಗೆದ್ದ ವಕೀಲನಾದ ನನ್ನನ್ನು ಇಬ್ಬರೂ ಮರೆತೇಬಿಟ್ಟಿದ್ದರು. ಮಾವನನ್ನು ಎತ್ತಿ ಟಾಂಗಾದಲ್ಲಿ ಮಲಗಿಸಿದರು. ಟಾಂಗಾದವನು ಮೇಲೆ ಹತ್ತಲಿಲ್ಲ. ಲಗಾಮು ಹಿಡಿದು, ಕುದುರೆಯ ಮುಂದೆ ತಾನು ನಡೆಯುತ್ತ, ತಾಯಿಯನ್ನು ಮಣ್ಣು ಮಾಡಿದ ಸಂತಪುರದ ದಾರಿ ಹಿಡಿದ.